ಉದ್ದಿಮೆಯಲ್ಲಿ ಸರ್ವರಿಗೂ ಸ್ಥಾನ: ಭಟ್ಕಳ, ಹೊನ್ನಾವರ, ಕುಮಟಾ ವರ್ತಕರು ಮಾಡಬೇಕಾದ ಲೆಕ್ಕ

ಇತ್ತೀಚಿನ ವರ್ಷಗಳಲ್ಲಿ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ನಾಲ್ಕು ಜನ ಸೇರಿದಲ್ಲೆಲ್ಲ ಕೇಳಿಬರುವ ದೂರು ಒಂದೇ: ಕೆಲಸಕ್ಕೆ ಜನ ಸಿಗುತ್ತಿಲ್ಲ. ಓದಿದ ಮಕ್ಕಳು ಮಂಗಳೂರು, ಗೋವಾ, ಬೆಂಗಳೂರುಗಳಿಗೆ ಹೋಗುತ್ತಾರೆ. ಕೆಲವರು ಕೊಲ್ಲಿ ರಾಷ್ಟ್ರಗಳಿಗೆ ತೆರಳುತ್ತಾರೆ. ಬೋಟುಗಳಿಗೂ ಕಟ್ಟಡ ಕಾಮಗಾರಿಗೂ ಹೊರರಾಜ್ಯಗಳಿಂದ ಕೆಲಸಗಾರರನ್ನು ಕರೆತರಬೇಕಾಗಿದೆ. ಅಂಗಡಿಯಲ್ಲಿ ನಂಬಿಕಸ್ತ ಗುಮಾಸ್ತನೊಬ್ಬ ಕೆಲಸ ಬಿಟ್ಟರೆ ಅವನ ಜಾಗ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಈ ದೂರು ಸುಳ್ಳಲ್ಲ. ಆದರೆ ದೂರುವ ಮುನ್ನ ನಾವು ಎಷ್ಟು ಜನರನ್ನು ಕೇಳಿ ನೋಡಿದ್ದೇವೆ, ಯಾವ ಮನೆಗಳ ಜನರನ್ನು ಕೇಳಿ ನೋಡಿದ್ದೇವೆ ಎಂಬುದನ್ನು ಪರಿಶೀಲಿಸುವುದು ಲೇಸು.

ಕೇಂದ್ರ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ 15 ವರ್ಷ ಮೀರಿದ ಮಹಿಳೆಯರಲ್ಲಿ ದುಡಿಮೆಯಲ್ಲಿ ತೊಡಗಿದವರು ಅಥವಾ ದುಡಿಮೆ ಅರಸುತ್ತಿದ್ದವರು ಶೇ. 41.7 ಮಾತ್ರ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಮಂದಿ ವಿಕಲಚೇತನರಿದ್ದಾರೆ. ಅದೇ ಜನಗಣತಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಾಕ್ಷರತೆಯನ್ನು ಶೇ. 84 ಎಂದು ತೋರಿಸಿತ್ತು. ಓದು ಬಲ್ಲ, ದುಡಿಯಬಲ್ಲ ಜನ ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಹಲವರಿಗೆ ನಮ್ಮ ಅಂಗಡಿಯ ಬಾಗಿಲು ತಮಗಾಗಿ ತೆರೆದಿದೆಯೆಂಬ ಸುದ್ದಿ ತಲುಪುವುದೇ ಇಲ್ಲ.

ಅಮೆರಿಕದ ಸುದ್ದಿ ಮತ್ತು ನಮ್ಮ ಸಂದೇಹ

ಕೆಲಸದ ಸ್ಥಳದಲ್ಲಿ ವೈವಿಧ್ಯ, ಸಮಾನತೆ ಮತ್ತು ಒಳಗೊಳ್ಳುವಿಕೆ ಎಂಬ ಮೂರು ಮಾತುಗಳನ್ನು ಕೂಡಿಸಿ ದೊಡ್ಡ ಕಂಪೆನಿಗಳಲ್ಲಿ ‘ಡಿ.ಇ.ಐ.’ ಎಂದು ಕರೆಯುತ್ತಾರೆ. ನೇಮಕದಲ್ಲಿ ಎಲ್ಲ ಸಮುದಾಯಗಳ ಜನರನ್ನೂ ಪರಿಗಣಿಸುವುದು, ಒಂದೇ ಕೆಲಸಕ್ಕೆ ಒಂದೇ ವೇತನ ನೀಡುವುದು, ಬಂದವರು ಮಾನದಿಂದ ಉಳಿದು ಮೇಲೇರಲು ಬೇಕಾದ ಅನುಕೂಲ ಕಲ್ಪಿಸುವುದು ಇದರ ತಾತ್ಪರ್ಯ. ಅಮೆರಿಕದಲ್ಲಿ 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವರು ಅಧಿಕಾರ ವಹಿಸಿಕೊಂಡ ದಿನವೇ ಸರ್ಕಾರಿ ಇಲಾಖೆಗಳಲ್ಲಿನ ಇಂತಹ ಕಾರ್ಯಕ್ರಮಗಳನ್ನು ಕೊನೆಗಾಣಿಸುವ ಆದೇಶ ಹೊರಡಿಸಿದರು. ವಾಲ್‌ಮಾರ್ಟ್, ಮೆಟಾ ಮೊದಲಾದ ಕಂಪೆನಿಗಳೂ ತಮ್ಮ ಕಾರ್ಯಕ್ರಮಗಳನ್ನು ಮೊಟಕುಗೊಳಿಸಿದವು. ‘ಅಲ್ಲಿಯೇ ಕೈಬಿಟ್ಟ ಮೇಲೆ ನಮಗೇಕೆ ಈ ಉಸಾಬರಿ?’ ಎಂದು ನಮ್ಮ ಸದಸ್ಯರಲ್ಲಿಯೂ ಕೆಲವರು ಕೇಳುವುದುಂಟು.

ಸುದ್ದಿಯ ಇನ್ನೊಂದು ಭಾಗವೂ ಇದೆ. ಅದೇ ಜನವರಿಯಲ್ಲಿ ಕಾಸ್ಟ್‌ಕೋ ಎಂಬ ಬೃಹತ್ ಸಗಟು-ಚಿಲ್ಲರೆ ಕಂಪೆನಿಯ ಷೇರುದಾರರ ಸಭೆಯಲ್ಲಿ ಈ ನೀತಿಗಳನ್ನು ಪ್ರಶ್ನಿಸುವ ಗೊತ್ತುವಳಿ ಬಂದಾಗ ಶೇ. 98ಕ್ಕೂ ಹೆಚ್ಚು ಮತಗಳು ಅದರ ವಿರುದ್ಧ ಬಿದ್ದವು. ಷೇರುದಾರರು ಲಾಭ ನೋಡುವ ಜನ. ಭಾಷಣಕ್ಕೆ ಮರುಳಾಗಿ ಮತ ಹಾಕುವವರಲ್ಲ.

ಈ ಹೆಸರಿನಲ್ಲಿ ಸಾಕಷ್ಟು ಆಡಂಬರ ನಡೆದಿದೆ ಎಂಬುದನ್ನು ಒಪ್ಪಲೇಬೇಕು. ಮಹಿಳಾ ದಿನದಂದು ಹೂಗುಚ್ಛ ಕೊಟ್ಟು ಫೋಟೋ ತೆಗೆಸಿಕೊಂಡು, ಮರುದಿನ ಅದೇ ಮಹಿಳೆಯರಿಗೆ ಶೌಚಾಲಯವಿಲ್ಲದ ಕಟ್ಟಡದಲ್ಲಿ ದುಡಿಸುವ ರೀತಿಯನ್ನು ಯಾರೂ ಸಮರ್ಥಿಸಲಾರರು. ಈ ಲೇಖನ ಸಮರ್ಥಿಸುವುದು ಬ್ಯಾನರನ್ನಲ್ಲ, ಅದರ ಹಿಂದೆ ಇರಬೇಕಾದ ವ್ಯವಹಾರವನ್ನು. ಆ ವ್ಯವಹಾರವಾದರೋ ನಮ್ಮ ಬಂದರುಗಳಿಗೆ ಅಮೆರಿಕದಿಂದ ಬಂದ ಸರಕೇನಲ್ಲ.

ಬಂದರು ಕಲಿಸಿದ ಪಾಠ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಹುಡುಗರಿಗಾಗಿ 23 ಹಾಗೂ ಹುಡುಗಿಯರಿಗಾಗಿ 13 ಶಾಲೆಗಳಿದ್ದುದನ್ನು ಕಂಡು, ಬೇರೆಲ್ಲಿಯೂ ಇಂತಹುದನ್ನು ಕಂಡಿಲ್ಲವೆಂದು ಬರೆದಿಟ್ಟಿದ್ದಾನೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಮೆಣಸಿನ ವ್ಯಾಪಾರದಲ್ಲಿ ಆಕೆಯೊಡನೆ ಚೌಕಾಸಿ ಮಾಡದೆ ಅವರಿಗೆ ಗತ್ಯಂತರವಿರಲಿಲ್ಲ. ಭಟ್ಕಳದ ಬಂದರಿನಲ್ಲಿ ಅರಬ್ ದೇಶಗಳ ಕುದುರೆಗಳು ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಸಾಗುತ್ತಿದ್ದವು. ಜೈನ ಅರಸರ ಆಳ್ವಿಕೆಯಲ್ಲಿ ಮುಸ್ಲಿಂ ವರ್ತಕರು ತಂದ ಕುದುರೆಗಳನ್ನು ಹಿಂದೂ ಸಾಮ್ರಾಟರ ಸೈನ್ಯ ಕೊಳ್ಳುತ್ತಿತ್ತು. ಭಟ್ಕಳದ ಬಸದಿ, ದೇವಸ್ಥಾನ, ಮಸೀದಿಗಳು ಇಂದಿಗೂ ಒಂದೇ ಊರಿನಲ್ಲಿರುವುದು ಈ ವ್ಯಾಪಾರದ ಗುರುತು.

ಕುಮಟಾದ ಕಥೆ ಇನ್ನೂ ಹತ್ತಿರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿತ್ತು. ಆ ಹತ್ತಿ ಬೆಳೆದದ್ದು ಘಟ್ಟದ ಮೇಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಬಯಲುಸೀಮೆಯ ರೈತ, ಗಾಡಿ ಹೊಡೆಯುವವನು, ಘಟ್ಟದ ಕೆಳಗಿನ ಮಂಡಿಯವನು, ದೋಣಿಯ ತಂಡೇಲ, ಬೊಂಬಾಯಿಯ ಖರೀದಿದಾರ, ಇವರೆಲ್ಲ ಒಂದೇ ಜಾತಿಯವರೂ ಅಲ್ಲ, ಒಂದೇ ಭಾಷೆಯವರೂ ಅಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಮರ್ಮಗೋವಾಕ್ಕೆ ರೈಲು ಹಾದಿ ತೆರೆದ ಮೇಲೆ ಹತ್ತಿ ಆ ಕಡೆಗೆ ಹೊರಳಿತು, ಕುಮಟಾದ ಬಂದರು ಬಡವಾಯಿತು. ಸರಕು ಮತ್ತು ಜನ ಸುಲಭವಾಗಿ ಸಾಗುವ ಕಡೆಗೆ ವ್ಯಾಪಾರ ಹರಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡವರು.

ಉದ್ರಿಗೊಂದು ನ್ಯಾಯ, ಗಲ್ಲೆಗೊಂದು ನ್ಯಾಯ

ಈಗ ನಮ್ಮ ಇಂದಿನ ಪದ್ಧತಿಯನ್ನು ನೋಡೋಣ. ಸಣ್ಣ ಉದ್ದಿಮೆಯಲ್ಲಿ ಜಾಹೀರಾತು ಕೊಟ್ಟು, ಅರ್ಜಿ ಕರೆದು ಯಾರೂ ನೇಮಕ ಮಾಡುವುದಿಲ್ಲ. ಇರುವ ಗುಮಾಸ್ತನಿಗೆ ‘ಯಾರಾದರೂ ಒಳ್ಳೆಯ ಹುಡುಗ ಇದ್ದರೆ ಹೇಳು’ ಎನ್ನುತ್ತೇವೆ. ಅವನು ತನ್ನ ಅಕ್ಕನ ಮಗನನ್ನೋ ಕೇರಿಯ ಹುಡುಗನನ್ನೋ ಕರೆತರುತ್ತಾನೆ. ಯಾರನ್ನೂ ದೂರವಿಡಬೇಕೆಂಬ ದುರುದ್ದೇಶ ಇದರಲ್ಲಿಲ್ಲ. ಆದರೆ ಹತ್ತು ವರ್ಷ ಹೀಗೆಯೇ ನಡೆದರೆ ಒಂದು ಅಂಗಡಿಯಲ್ಲಿ ಒಂದೇ ಸಮುದಾಯದವರು, ಎದುರಿನ ಅಂಗಡಿಯಲ್ಲಿ ಇನ್ನೊಂದೇ ಸಮುದಾಯದವರು ತುಂಬುತ್ತಾರೆ. ನಡುವಿನ ರಸ್ತೆ ಗಡಿಯಂತಾಗುತ್ತದೆ.

ಇದಕ್ಕೆ ಹೇಳುವ ಕಾರಣ ನಂಬಿಕೆ. ಹಣ ಮುಟ್ಟುವ ಜಾಗದಲ್ಲಿ ನಮ್ಮವರೇ ಇರಬೇಕು ಎಂಬುದು ಹಳೆಯ ಮಾತು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ವ್ಯಾಪಾರ ನಿಂತಿರುವುದೇ ನಂಬಿಕೆಯ ಮೇಲೆ. ಆದರೆ ನಮ್ಮ ಉದ್ರಿ ಪುಸ್ತಕವನ್ನೇ ತೆರೆದು ನೋಡಿ. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ಹರಿಕಾಂತರ, ಖಾರ್ವಿ, ಮೊಗೇರ ಕೇರಿಗಳಿಗೆ ಅಕ್ಕಿ, ಬೇಳೆ ಉದ್ರಿ ಹೋಗುತ್ತದೆ. ಹಾಲಕ್ಕಿ ಒಕ್ಕಲಿಗರ ಮನೆಗೆ ಹೋಗುತ್ತದೆ, ನವಾಯತರ ಮನೆಗೆ ಹೋಗುತ್ತದೆ, ಕ್ರೈಸ್ತರ ಮನೆಗೆ ಹೋಗುತ್ತದೆ. ಯಾವ ಕಾಗದಪತ್ರವೂ ಇಲ್ಲದೆ ಸಾವಿರಾರು ರೂಪಾಯಿಯ ಸರಕು ಕೊಟ್ಟು, ಹಂಗಾಮು ಶುರುವಾದ ಮೇಲೆ ವಸೂಲಿ ಮಾಡುತ್ತೇವೆ. ಉದ್ರಿ ಕೊಡುವಾಗ ಮನುಷ್ಯನ ನಡತೆಯನ್ನು ನೋಡುವ ನಾವು, ಗಲ್ಲೆಯ ಮುಂದೆ ಕೂರಿಸುವಾಗ ಮಾತ್ರ ಜಾತಿಯನ್ನು ನೋಡುತ್ತೇವೆ. ಗಿರಾಕಿಯಾಗಿ ನಂಬಿಕೆಗೆ ಅರ್ಹನಾದವನ ಮಗಳು ಲೆಕ್ಕ ಬರೆಯಲು ಏಕೆ ಅರ್ಹಳಲ್ಲ?

ಇದು ನಮ್ಮ ಕರಾವಳಿಯ ದೋಷ ಮಾತ್ರವಲ್ಲ. 2007ರಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪೆನಿಗಳ 548 ಜಾಹೀರಾತುಗಳಿಗೆ ಅವರು 4,808 ಅರ್ಜಿಗಳನ್ನು ಕಳುಹಿಸಿದ್ದರು. ವಿದ್ಯಾರ್ಹತೆ ಸಮಾನ, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಮರುಕರೆ ಬರುವ ಅನುಪಾತ ಸುಮಾರು ಮೂರನೇ ಎರಡರಷ್ಟಿತ್ತು, ಮುಸ್ಲಿಂ ಹೆಸರಿನ ಅರ್ಜಿಗೆ ಮೂರನೇ ಒಂದರಷ್ಟು. ಅರ್ಜಿದಾರರ ಮುಖವನ್ನೇ ಯಾರೂ ನೋಡಿರಲಿಲ್ಲ, ಅವರ ಕೆಲಸವನ್ನಂತೂ ಕಂಡೇ ಇರಲಿಲ್ಲ. ಅರ್ಹತೆಯನ್ನು ಮಾತ್ರ ನೋಡುತ್ತೇವೆ ಎನ್ನುವ ಮಾರುಕಟ್ಟೆ ಹೀಗೆ ಹೆಸರನ್ನು ನೋಡಿಯೇ ಅರ್ಹರನ್ನು ಕೈಬಿಡುತ್ತದೆ.

ನಮಗೇ ಇದು ಅನುಭವಕ್ಕೆ ಬಂದಾಗ ಮಾತ್ರ ಅನ್ಯಾಯವೆನಿಸುತ್ತದೆ. ಬೆಂಗಳೂರಿನ ಕಂಪೆನಿಗಳು ಕನ್ನಡಿಗರನ್ನು ಕಡೆಗಣಿಸುತ್ತವೆ ಎಂಬ ಅಳಲಿನಿಂದಲೇ ಡಾ. ಸರೋಜಿನಿ ಮಹಿಷಿ ಸಮಿತಿ ರಚನೆಯಾಗಿ 1986ರಲ್ಲಿ ವರದಿ ನೀಡಿತು. 2024ರ ಜುಲೈನಲ್ಲಿ ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ನೀಡಿ, ಉದ್ಯಮ ವಲಯದ ವಿರೋಧದ ನಂತರ ಅದನ್ನು ತಡೆಹಿಡಿಯಿತು. ಕಾನೂನಿನ ಮೂಲಕ ಖಾಸಗಿ ಉದ್ದಿಮೆಯ ಮೇಲೆ ಕೋಟಾ ಹೇರುವುದು ಸರಿಯೇ ಎಂಬುದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿರಬಹುದು. ಈ ಲೇಖಕನಿಗೂ ಅದರಲ್ಲಿ ಸಂದೇಹಗಳಿವೆ. ಆದರೆ ಬೆಂಗಳೂರಿನ ಮ್ಯಾನೇಜರನು ನಮ್ಮ ಹುಡುಗನ ಅರ್ಜಿಯನ್ನು ತೆರೆದು ನೋಡಬೇಕೆಂದು ಅಪೇಕ್ಷಿಸುವ ನಾವು, ನಮ್ಮ ಊರಿನ ಮುಕ್ರಿ ಹುಡುಗನ ಅರ್ಜಿಯನ್ನೂ ತೆರೆದು ನೋಡಬೇಕಲ್ಲವೆ? ದುಬೈಯಲ್ಲಿಯೂ ದಮ್ಮಾಮಿನಲ್ಲಿಯೂ ದುಡಿದು ಬಂದ ಭಟ್ಕಳದ ಕುಟುಂಬಗಳಿಗೆ ಪರಕೀಯರಾಗಿ ಕೆಲಸ ಕೇಳುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ದಕ್ಷತೆಯ ಪ್ರಶ್ನೆ ನೂರು ವರ್ಷ ಹಳೆಯದು

‘ಎಲ್ಲರನ್ನೂ ಸೇರಿಸಿಕೊಂಡರೆ ಕೆಲಸದ ಗುಣಮಟ್ಟ ಕೆಡುತ್ತದೆ’ ಎಂಬುದು ಅತಿ ಗಂಭೀರವಾದ ಆಕ್ಷೇಪಣೆ. ಈ ವಾಗ್ವಾದ ಮೈಸೂರು ಸಂಸ್ಥಾನದಲ್ಲಿ ಶತಮಾನದ ಹಿಂದೆಯೇ ನಡೆದಿದೆ. ಉತ್ತರ ಕನ್ನಡವು ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರೂ ವಾದದ ಎರಡೂ ಕಡೆಗಳು ನಮಗೆ ಪರಿಚಿತವೇ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯವಿಲ್ಲದಿರುವುದನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದರಿಂದ ಆಡಳಿತದ ದಕ್ಷತೆ ಕುಂದೀತೆಂಬ ಆತಂಕವಿತ್ತು. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿಯೇ ಅವರು ದಿವಾನ ಪದವಿಯಿಂದ ನಿರ್ಗಮಿಸಿದರು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದ ಮಹನೀಯರು ಅವರೇ ಆದ್ದರಿಂದ ನಾಡಿನ ವರ್ತಕ ಸಮುದಾಯಕ್ಕೆ ಅವರ ಮಾತೆಂದರೆ ಇಂದಿಗೂ ಗೌರವ. ಗೌರವವಿದ್ದೂ ಈ ಒಂದು ವಿಷಯದಲ್ಲಿ ಮಿಲ್ಲರ್ ಸಮಿತಿಯ ತರ್ಕವೇ ಹೆಚ್ಚು ವ್ಯಾವಹಾರಿಕವೆಂದು ಹೇಳಬೇಕಾಗುತ್ತದೆ.

1919ರ ತನ್ನ ವರದಿಯಲ್ಲಿ ಸಮಿತಿ ಹೇಳಿದ್ದರ ಸಾರ ಹೀಗಿದೆ: ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದ ಮಾತ್ರ ಅಳೆಯಲಾಗದು, ಜನರ ಬಗೆಗಿನ ಸಹಾನುಭೂತಿ, ಪ್ರಾಮಾಣಿಕತೆ, ಚೈತನ್ಯ, ಸಾಮಾನ್ಯ ಜ್ಞಾನ ಇವೂ ಒಬ್ಬ ಅಧಿಕಾರಿಯನ್ನು ದಕ್ಷನನ್ನಾಗಿಸುತ್ತವೆ. 1921ರಲ್ಲಿ ಸರ್ಕಾರ ಇದನ್ನು ಅಂಗೀಕರಿಸಿ ಆದೇಶ ಹೊರಡಿಸಿತು. ಒಬ್ಬ ಕೌಂಟರ್ ಹುಡುಗನಲ್ಲಿ, ಒಬ್ಬ ಮೇಸ್ತ್ರಿಯಲ್ಲಿ ನಾವು ಹುಡುಕುವ ಗುಣಗಳೂ ಇವೇ ಅಲ್ಲವೆ?

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಶಕಗಳ ಕಾಲ ದಿನಗೂಲಿಯಾಗಿದ್ದರು. ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಯಾವ ತಾಯಿಮರದಿಂದ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದರಲ್ಲಿ ಅವರಿಗಿದ್ದ ಜ್ಞಾನವನ್ನು ಅಧಿಕಾರಿಗಳು ಕ್ರಮೇಣ ಗುರುತಿಸಿದರು. ಅವರ ನೌಕರಿ ಕಾಯಂ ಆಯಿತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ಅವರು 2024ರ ಡಿಸೆಂಬರ್‌ನಲ್ಲಿ ನಿಧನರಾದರು. ಎಸ್.ಎಸ್.ಎಲ್.ಸಿ. ಪ್ರಮಾಣಪತ್ರ ಕಡ್ಡಾಯವೆಂಬ ಒಂದು ನಿಯಮ ಅಡ್ಡ ಬಂದಿದ್ದರೆ ಇಲಾಖೆ ಕಳೆದುಕೊಳ್ಳುತ್ತಿದ್ದುದೆಷ್ಟು! ನಮ್ಮ ಗೇರು ಕಾರ್ಖಾನೆಗಳಲ್ಲಿ, ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ, ಭಟ್ಕಳದ ಮಲ್ಲಿಗೆ ತೋಟಗಳಲ್ಲಿ ಇಂತಹ ಅರಿವುಳ್ಳವರು ಕೂಲಿ ಪುಸ್ತಕದಲ್ಲಿ ಬರೀ ಹೆಬ್ಬೆಟ್ಟಿನ ಗುರುತಾಗಿ ಉಳಿದಿದ್ದಾರೆ.

ಅಳತೆಗೋಲನ್ನು ತಗ್ಗಿಸಬೇಕೆಂದು ಇದರ ಅರ್ಥವಲ್ಲ. 1974ರಲ್ಲಿ ಟೆಲ್ಕೊ ಕಂಪೆನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಸಾಲನ್ನು ಓದಿ, ಹುಬ್ಬಳ್ಳಿಯ ಇಂಜಿನಿಯರಿಂಗ್ ಪದವೀಧರೆ ಸುಧಾ ಕುಲಕರ್ಣಿ (ಈಗಿನ ಸುಧಾ ಮೂರ್ತಿ) ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದ ಸಂಗತಿ ಎಲ್ಲರಿಗೂ ತಿಳಿದದ್ದೇ. ಕಂಪೆನಿ ಅವರನ್ನು ಪುಣೆಗೆ ಕರೆಸಿತು, ಸಂದರ್ಶನ ನಡೆಸಿತು, ಉತ್ತರಗಳು ಸರಿಯಿದ್ದುದರಿಂದ ಕೆಲಸ ಕೊಟ್ಟಿತು. ಪರೀಕ್ಷೆಯನ್ನು ಯಾರೂ ಸುಲಭಗೊಳಿಸಲಿಲ್ಲ. ಬದಲಾದದ್ದು ಜಾಹೀರಾತಿನ ಒಂದು ಸಾಲು.

ಬೀದಿಯಲ್ಲಿ ಯಜಮಾನಿ, ಅಂಗಡಿಯಲ್ಲಿ ಇಲ್ಲ

ನಮ್ಮ ಕರಾವಳಿಯ ಪೇಟೆಗಳಲ್ಲಿ ಒಂದು ವಿಚಿತ್ರವಿದೆ. ಮೀನು ಮಾರುಕಟ್ಟೆ ಬಹುಮಟ್ಟಿಗೆ ಹೆಂಗಸರದ್ದು. ದಕ್ಕೆಯಲ್ಲಿ ಹರಾಜು ಕೂಗಿ ಕೊಳ್ಳುವವರು, ಬುಟ್ಟಿ ಹೊತ್ತು ಊರೂರು ಸುತ್ತುವವರು, ಬೆಲೆ ಕಟ್ಟುವವರು ಅವರೇ. ಕುಮಟಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಮಹಿಳೆಯರನ್ನು ಚೌಕಾಸಿಯಲ್ಲಿ ಸೋಲಿಸಿದ ಗಿರಾಕಿ ಇದ್ದರೆ ಮುಂದೆ ಬರಲಿ. ಆದರೆ ಅದೇ ಪೇಟೆಯಲ್ಲಿ ಪಕ್ಕಾ ಕಟ್ಟಡದೊಳಗಿನ ಅಂಗಡಿಗಳಿಗೆ ಬಂದರೆ ಗಲ್ಲೆಯಲ್ಲಿ, ಖರೀದಿ ವಿಭಾಗದಲ್ಲಿ, ಗೋದಾಮಿನ ಉಸ್ತುವಾರಿಯಲ್ಲಿ ಮಹಿಳೆ ಕಾಣುವುದು ಅಪರೂಪ. ಗೇರು ಕಾರ್ಖಾನೆಗಳಲ್ಲಿ ಬೀಜ ಒಡೆಯುವುದು, ಸಿಪ್ಪೆ ಸುಲಿಯುವುದು, ತಿರುಳು ವಿಂಗಡಿಸುವುದು ಬಹುಪಾಲು ಮಹಿಳೆಯರ ಕೈಯಲ್ಲಿದೆ. ಮೇಸ್ತ್ರಿ, ಗುಮಾಸ್ತರ ಕುರ್ಚಿಗಳಲ್ಲಿ ಹೆಚ್ಚಾಗಿ ಗಂಡಸರು. ಇಪ್ಪತ್ತು ವರ್ಷ ತಿರುಳು ವಿಂಗಡಿಸಿದವಳಿಗಿಂತ ಚೆನ್ನಾಗಿ ಅದರ ದರ್ಜೆ ತಿಳಿದವರು ಯಾರು?

ಒಂದೇ ಕೆಲಸಕ್ಕೆ ಬೇರೆ ಬೇರೆ ವೇತನ ಕೊಡುವುದಂತೂ ಕಾನೂನಿಗೇ ವಿರುದ್ಧ. 1976ರ ಸಮಾನ ವೇತನ ಕಾಯ್ದೆಯಡಿ ಬೊಂಬಾಯಿಯ ಹಡಗು ಕಂಪೆನಿ ಮೆಕಿನ್ನನ್ ಮೆಕೆಂಜಿಯ ವಿರುದ್ಧ ಆಡ್ರಿ ಡಿಕಾಸ್ಟಾ ಎಂಬ ಸ್ಟೆನೋಗ್ರಾಫರ್ ಹೋರಾಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಆಕೆಯ ಪರವಾಗಿ ತೀರ್ಪಿತ್ತಿತು. ಕಂಪೆನಿಯ ಹಣಕಾಸಿನ ಪರಿಸ್ಥಿತಿ ಚೆನ್ನಾಗಿಲ್ಲ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ ವೇತನ ಸಂಹಿತೆ ಜಾರಿಗೆ ಬಂದಿದ್ದು, ವೇತನದಲ್ಲಿಯೂ ನೇಮಕದಲ್ಲಿಯೂ ಲಿಂಗದ ಆಧಾರದ ಮೇಲೆ ಭೇದವೆಣಿಸುವುದನ್ನು ಅದು ನಿಷೇಧಿಸುತ್ತದೆ.

ಮಹಿಳೆಯರು ಬಂದರೂ ನಿಲ್ಲುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ನಿಲ್ಲದಿರುವ ಕಾರಣವನ್ನು ವಿಚಾರಿಸಿದವರು ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತಿರುವುದರಿಂದ ಗೇರುಸೊಪ್ಪೆ, ಮಂಕಿ, ಶಿರಾಲಿ, ಮಿರ್ಜಾನದಂತಹ ಊರುಗಳಿಂದ ತಾಲೂಕು ಕೇಂದ್ರಕ್ಕೆ ಬರುವ ಖರ್ಚು ಇಲ್ಲದಂತಾಗಿದೆ. ಆದರೆ ಅಂಗಡಿ ಮುಚ್ಚುವುದು ರಾತ್ರಿ ಒಂಬತ್ತಕ್ಕೆ, ಆ ಊರಿಗೆ ಕೊನೆಯ ಬಸ್ಸು ಅದಕ್ಕಿಂತ ಮೊದಲು. ಪಾಳಿಯನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದರೆ ಉಳಿಯುವ ಕೆಲಸಗಾರ್ತಿಯನ್ನು ನಾವು ಬಸ್ಸಿನ ವೇಳೆ ನೋಡದೆ ಕಳೆದುಕೊಳ್ಳುತ್ತೇವೆ.

ಇದನ್ನು ಲೆಕ್ಕದಲ್ಲಿಯೇ ಹೇಳೋಣ. ತಿಂಗಳಿಗೆ 15,000 ರೂಪಾಯಿ ಸಂಬಳದ ಒಬ್ಬರು ಬಿಟ್ಟುಹೋದರೆಂದೂ, ಹೊಸಬರು ಕಲಿಯುವ ಮೊದಲ ಎರಡು ತಿಂಗಳು ಅರ್ಧದಷ್ಟೇ ಕೆಲಸ ಮಾಡುತ್ತಾರೆಂದೂ ಇಟ್ಟುಕೊಳ್ಳಿ. ಅಲ್ಲಿಗೇ 15,000 ರೂಪಾಯಿ ಹೋಯಿತು. ವರ್ಷಕ್ಕೆ ಮೂವರು ಬಿಟ್ಟರೆ 45,000 ರೂಪಾಯಿ. ಕಲಿಸಲು ಯಜಮಾನ ವ್ಯಯಿಸಿದ ಸಮಯ, ಕೆಟ್ಟ ಸರಕು ಬೇರೆ. ಈ ಸೋರಿಕೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲವಾದ್ದರಿಂದ ಮಹಿಳೆಯರಿಗೊಂದು ಶೌಚಾಲಯ ಕಟ್ಟಿಸುವ ಖರ್ಚು ಮಾತ್ರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ.

ವಿಕಲಚೇತನರ ವಿಷಯದಲ್ಲಿಯೂ ದಯೆಯ ಮಾತು ಸಾಕು, ಕೆಲಸದ ಮಾತು ಬೇಕು. ಹೊಸೂರಿನ ಟೈಟಾನ್ ಕೈಗಡಿಯಾರ ಕಾರ್ಖಾನೆಯು ವಿಕಲಚೇತನರನ್ನು ಸೂಕ್ಷ್ಮ ಕೆಲಸಗಳಿಗೆ ನೇಮಿಸಿಕೊಂಡಿತು. ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ವಿಂಧ್ಯಾ ಇ-ಇನ್ಫೋಮೀಡಿಯಾ ಸಂಸ್ಥೆಯ ನೌಕರರಲ್ಲಿ ಬಹುಪಾಲು ವಿಕಲಚೇತನರು. ಘಟ್ಟದಾಚೆಯ ಹುಬ್ಬಳ್ಳಿಯಲ್ಲಿ 2017ರಲ್ಲಿ ಪುಟ್ಟದಾಗಿ ಶುರುವಾದ ಮಿಟ್ಟಿ ಕೆಫೆಯನ್ನು ವಿಕಲಚೇತನರೇ ನಡೆಸುತ್ತಾರೆ; 2023ರಲ್ಲಿ ಅದರ ಶಾಖೆ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೂ ತೆರೆಯಿತು. ಕಿವಿ ಕೇಳಿಸದವರಿಗೆ ಪ್ಯಾಕಿಂಗ್ ಮೇಜಿನಲ್ಲಿ, ಕಾಲಿನ ಊನವುಳ್ಳವರಿಗೆ ಬಿಲ್ಲಿಂಗ್ ಕಂಪ್ಯೂಟರಿನ ಮುಂದೆ ಏನು ಅಡ್ಡಿ? ಅಂಗಡಿಯ ಮುಂದಿನ ಎರಡು ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ಕಟ್ಟಿದರೆ ಸರಕಿನ ಕೈಗಾಡಿಗೂ ಅದೇ ಅನುಕೂಲ.

ಬಾಗಿಲು ಮುಚ್ಚಿದ ದಿನಗಳು

ಈ ಮೂರು ಊರುಗಳಲ್ಲಿ ಈ ವಿಷಯಕ್ಕೆ ಬೇರೆ ಕಡೆಗಿಂತ ಹೆಚ್ಚಿನ ತೂಕವಿದೆ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ನಡೆದ ಕೋಮುಗಲಭೆ, ಅದರ ಬಗೆಗಿನ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗದ ವಿಚಾರಣೆ ಹಿರಿಯ ಸದಸ್ಯರ ನೆನಪಿನಲ್ಲಿದೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬ ಸತ್ತಾಗ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಅಶಾಂತಿ ಹರಡಿ ಪೇಟೆಗಳು ಮುಚ್ಚಿದವು. ಸಾವು ಆಕಸ್ಮಿಕವೆಂದು ಸಿ.ಬಿ.ಐ. ವರದಿ ಸಲ್ಲಿಸಿದ್ದು 2022ರಲ್ಲಿ. ಅಷ್ಟರೊಳಗೆ ಆಗಬೇಕಾದ ನಷ್ಟವೆಲ್ಲ ಆಗಿಹೋಗಿತ್ತು. ಅದೇ 2022ರ ಮಾರ್ಚ್‌ನಲ್ಲಿ ನೆರೆಯ ಉಡುಪಿ ಜಿಲ್ಲೆಯ ಕಾಪು ಮಾರಿಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಿದ ಸುದ್ದಿ ಬಂತು. ಜಾತ್ರೆಯ ವ್ಯಾಪಾರದಿಂದಲೇ ವರ್ಷದ ಅರ್ಧ ಬದುಕುವ ಚಿಕ್ಕ ವ್ಯಾಪಾರಿಗಳಿಗೆ ಇದರ ಏಟು ಎಂತಹುದೆಂದು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಅಂಗಡಿಯಲ್ಲಿ ಎರಡು ಸಮುದಾಯದ ಜನ ಒಟ್ಟಿಗೆ ದುಡಿದರೆ ಗಲಭೆ ನಿಲ್ಲುತ್ತದೆಂದು ಹೇಳುವಷ್ಟು ಮುಗ್ಧತೆ ಯಾರಿಗೂ ಬೇಡ. ಅಂತಹ ದಿನಗಳಲ್ಲಿ ‘ಆ ಕೆಲಸಗಾರನನ್ನು ತೆಗೆದುಹಾಕು’ ಎಂದು ಯಜಮಾನನ ಮೇಲೆಯೇ ಒತ್ತಡ ಬರುವುದುಂಟು. ಆದರೆ ಗಾಳಿಸುದ್ದಿ ಹಬ್ಬಿದ ಸಂಜೆ ಎದುರು ಕೇರಿಯಲ್ಲಿ ನಿಜವಾಗಿ ಏನು ನಡೆಯುತ್ತಿದೆಯೆಂದು ಫೋನಿನಲ್ಲಿ ಕೇಳಿ ತಿಳಿಯಲು ಒಬ್ಬ ನಂಬಿಕಸ್ತ ಸಹೋದ್ಯೋಗಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ನಿತ್ಯದ ವ್ಯಾಪಾರದಲ್ಲಿಯೂ ಲಾಭವುಂಟು: ಕನ್ನಡ, ಕೊಂಕಣಿ, ನವಾಯತಿ, ಉರ್ದು ಬಲ್ಲ ನಾಲ್ವರು ಕೌಂಟರಿನಲ್ಲಿದ್ದರೆ ಬಂದ ಗಿರಾಕಿ ಮಾತಿಗಾಗಿ ತಡವರಿಸುವುದಿಲ್ಲ. ಚೌತಿಗೆ ಒಬ್ಬರು, ಈದ್‌ಗೆ ಇನ್ನೊಬ್ಬರು, ಕ್ರಿಸ್‌ಮಸ್‌ಗೆ ಮತ್ತೊಬ್ಬರು ರಜೆ ಹಂಚಿಕೊಂಡರೆ ಅಂಗಡಿ ಎಂದೂ ಮುಚ್ಚಬೇಕಾಗುವುದಿಲ್ಲ.

ಆರಂಭದಲ್ಲಿ ಘರ್ಷಣೆ ಇರುತ್ತದೆ ಎಂಬುದೂ ನಿಜ. ಊಟದ ಡಬ್ಬಿಯಿಂದ ಹಿಡಿದು ಅಡ್ಡಹೆಸರು ಕರೆಯುವವರೆಗೆ ಕಿರಿಕಿರಿಗಳು ಬರುತ್ತವೆ. ಮೊದಲ ಆರು ತಿಂಗಳು ಯಜಮಾನನೇ ಎದುರು ನಿಂತು ನೋಡಿಕೊಳ್ಳಬೇಕು. ಮೇಸ್ತ್ರಿಯ ಮೇಲೆ ಬಿಟ್ಟು ಕೈತೊಳೆದುಕೊಂಡರೆ ಆಗದು.

ಕಾನೂನು ಕೇಳುವುದೇನು?

24 ಜನ ಕೆಲಸಗಾರರಿರುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನರಿರುವುದರಿಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಅಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ನೌಕರರೊಬ್ಬರು ಅದರ ಅಧ್ಯಕ್ಷೆ; ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು; ಹೊರಗಿನವರೊಬ್ಬರು. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ, ಮರುಕಳಿಸಿದರೆ ಇಮ್ಮಡಿ. ಗೋವಾದ ಔರೇಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಖಾಸಗಿ ಸಂಸ್ಥೆಗಳಲ್ಲಿಯೂ ಸಮಿತಿಗಳಿವೆಯೇ ಎಂದು ಪರಿಶೀಲಿಸುವಂತೆ ಜಿಲ್ಲಾಡಳಿತಗಳಿಗೆ ಸೂಚಿಸಿದೆ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಇಪ್ಪತ್ತು ದಾಟಿರುವುದರಿಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಸಮಾನ ಅವಕಾಶ ನೀತಿಯನ್ನು ವಿವರವಾಗಿ ಬರೆದು ಪ್ರಕಟಿಸಬೇಕು. ಯಾವ ಕೆಲಸಗಳು ಅವರಿಗೆ ಹೊಂದುತ್ತವೆ, ಯಾವ ಅನುಕೂಲಗಳಿವೆ ಎಂಬುದು ಅದರಲ್ಲಿರಬೇಕು. ಕೆಲಸಗಾರರ ಸಂಖ್ಯೆ 50ಕ್ಕೆ ಏರಿದರೆ ಶಿಶುಪಾಲನಾ ಕೊಠಡಿಯ ಹೊಣೆಯೂ ಬರುತ್ತದೆ. ಇನ್ನು ರಾತ್ರಿ ಪಾಳಿಯಲ್ಲಿ ಮಹಿಳೆಯರನ್ನು ನೇಮಿಸಿಕೊಳ್ಳಲು 2025ರ ನವೆಂಬರ್‌ನಿಂದ ಜಾರಿಯಲ್ಲಿರುವ ಸಂಹಿತೆ ಅವಕಾಶ ನೀಡುತ್ತದೆ. ಅವರ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು ಕಡ್ಡಾಯ.

ಕಾಗದದ ಕೆಲಸಕ್ಕಿಂತ ಮುಖ್ಯವಾದದ್ದು ಮುಂದಿನ ನೇಮಕ. ಆಗಸ್ಟ್ 1ಕ್ಕೆ ಮೀನುಗಾರಿಕೆ ಮತ್ತೆ ಶುರುವಾಗುತ್ತದೆ, ಅದರ ಬೆನ್ನಿಗೇ ಚೌತಿಯ ವ್ಯಾಪಾರ. ಹಂಗಾಮಿಗೆ ಜನ ಬೇಕಾದವರು ಜುಲೈ ಮೊದಲ ವಾರದಲ್ಲಿಯೇ ಕೆಲಸದ ವಿವರ, ಸಂಬಳ, ವೇಳೆ ಇಷ್ಟನ್ನು ಸ್ಪಷ್ಟವಾಗಿ ಬರೆದ ಒಂದು ಪ್ರಕಟಣೆಯನ್ನು ಬಸ್ ನಿಲ್ದಾಣದಲ್ಲಿ, ಗ್ರಾಮ ಪಂಚಾಯಿತಿಯ ಫಲಕದಲ್ಲಿ, ಕುಮಟಾದ ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಭಟ್ಕಳದ ಅಂಜುಮನ್ ಸಂಸ್ಥೆಯ ಮಹಿಳಾ ಕಾಲೇಜುಗಳಲ್ಲಿ ಅನುಮತಿ ಪಡೆದು ಹಚ್ಚಲಿ. ಭಟ್ಕಳದಲ್ಲಾದರೆ ಕನ್ನಡದೊಡನೆ ಉರ್ದುವಿನಲ್ಲಿಯೂ ಇರಲಿ. ‘ಮಹಿಳೆಯರು, ವಿಕಲಚೇತನರು ಕೂಡ ಬಂದು ವಿಚಾರಿಸಬಹುದು’ ಎಂಬ ಒಂದು ಸಾಲನ್ನು ಕೆಳಗೆ ಸೇರಿಸಲಿ. ಬಂದವರ ಹೆಸರು, ಊರು, ಅವರು ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಹಂಗಾಮಿಗೂ ಅದು ಉಪಯೋಗಕ್ಕೆ ಬರುತ್ತದೆ.